ಸೆರೆ ಗಡಿಗೆ ಒಡೆದ ಅಮಾತೆಪ್ಪ

ಬಾಯಿ ಮುಚ್ಚಿಕೊಂಡು ಗಡಿಗೆ ಒಡೆದಿದ್ದರೆ ಅಮಾತೆಪ್ಪನ ಕತೆ ಬೇರೆಯೇ ಆಗುತ್ತಿತ್ತು. ಆದರೆ ಅವನು ಅಂದು ಬೆಳಿಗ್ಗೆಯಷ್ಟೇ ಅಧ್ಯಕ್ಷನಾಗಿದ್ದ. ಅಧ್ಯಕ್ಷರಾದವರಿಗೆ ಬಾಯಿ ಮುಚ್ಚುವುದು ಎಲ್ಲಿ ಬರುತ್ತದೆ?

ಎಂಬತ್ತನೆಯ ಇಸವಿಯ ಗಾಂಧಿ ಜಯಂತಿ. ಗುಡೂರಿನ ನೇಕಾರ ಓಣಿಯ ಹುಡುಗರು ಕೂಡಿ ಕಟ್ಟಿದ 'ವ್ಯಸನಮುಕ್ತ ಯುವಕ ಮಂಡಳ'ಕ್ಕೆ ಅಂದು ಉದ್ಘಾಟನೆ. ದೀಪ ಹಚ್ಚುವುದು, ರಿಬ್ಬನ್ನು ಕತ್ತರಿಸುವುದು ಎಲ್ಲ ಊರಿನಲ್ಲಿಯೂ ಇದ್ದದ್ದೇ. ನಮ್ಮದು ಹಾಗಾಗಬಾರದು ಎಂದು ಹುಡುಗರು ಬೇವಿನ ಗಿಡದ ಟೊಂಗೆಗೆ ಒಂದು ಗಡಿಗೆ ತೂಗುಬಿಟ್ಟರು. ಗೋಕುಲಾಷ್ಟಮಿಗೆ ಮೊಸರು ಗಡಿಗೆ ಒಡೆಯುವಂತೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಅಧ್ಯಕ್ಷ ಕೋಲಿನಿಂದ ಸಾರಾಯಿಯ ಗಡಿಗೆ, ಊರ ಮಾತಿನಲ್ಲಿ ಸೆರೆ ಗಡಿಗೆ, ಒಡೆಯಬೇಕು, ಊರಿನ ಚಟ ಚೂರುಚೂರಾಗಬೇಕು. ಇಷ್ಟೇ ಯೋಜನೆ. ಒಳಗೆ ಬಣ್ಣದ ನೀರು ಹಾಕಿದರೆ ಸಾಕೆಂದು ಎಲ್ಲರೂ ಅಂದರು. ಒಪ್ಪದವನು ಒಬ್ಬನೇ, ಮಂಡಳದ ಕಾರ್ಯದರ್ಶಿ ಜಹಾಂಗೀರ.

"ಸುಳ್ಳು ಸೆರೆ ಒಡದ್ರ ಸುಳ್ಳು ಮಂಡಳ ಅಂತಾರಲೇ ಮಂದಿ. ಖರೇ ಸೆರೇನ ಬೇಕು."

ಜಯಂತಿಯ ದಿನ ಅಂಗಡಿ ಬಂದ್. ಹೀಗಾಗಿ ಹಿಂದಿನ ದಿನವೇ ಹೋಗಿ ತರಬೇಕಾಯಿತು. ಸೆರೆ ಬಿಡಿಸುವ ಮಂಡಳದ ಮೊದಲ ವ್ಯವಹಾರ ಸೆರೆ ಅಂಗಡಿಯ ಜೊತೆಗೇ ನಡೆಯಿತು. ಅಂಗಡಿಯ ದೇವಪ್ಪ ಕೊಡ ತುಂಬಿಸಿ ಕೊಡುತ್ತ, "ಹೊಸಾ ಗಿರಾಕಿ ಬಂದೀರಿ, ಹಿಂಗ ಬರ್ತಿರ್ರಿ ಮತ್ತ" ಎಂದು ಆಶೀರ್ವಾದವನ್ನೂ ಮಾಡಿದ.

ಮುಖ್ಯ ಅತಿಥಿಯಾಗಿ ಹುನಗುಂದದ ತಾಲೂಕು ಕಚೇರಿಯಿಂದ ಬಂದಿದ್ದ ಸಾಹೇಬರು ಮಾಲೆ ಹಾಕಿಸಿಕೊಂಡು ಗಿಡದ ಬುಡದಲ್ಲಿಯೇ ಕುರ್ಚಿಯಲ್ಲಿ ಕೂತಿದ್ದರು. ಅಮಾತೆಪ್ಪ ಕಣ್ಣು ಕಟ್ಟಿಕೊಂಡು ಕೋಲು ಎತ್ತಿದ. ಎಂದೂ ಗುರಿ ತಾಗದವನಿಗೆ ಅಂದು ಮೊದಲ ಏಟಿಗೇ ತಾಗಬೇಕೇ! "ಸೆರೆ ಬಿಡ್ರೀ..." ಎಂದು ಬಾಯಿ ತೆರೆದು ಒದರಿದ, ಗಡಿಗೆ ಒಡೆಯಿತು, ಬಿಡಿರೆಂದವನ ಬಾಯಿಗೇ ಸೆರೆ ಸುರಿಯಿತು. ಗುಟುಕ್ಕನೆ ನುಂಗಿದ. ಕೆಮ್ಮಿದ. ಕಣ್ಣಿನ ಬಟ್ಟೆ ತೊಯ್ದು ಉರಿ ಹತ್ತಿತು. ತೂರಾಡುತ್ತ ನಾಲ್ಕು ಹೆಜ್ಜೆ ಇಟ್ಟವನು ಹೋಗಿ ಸಾಹೇಬರ ತೊಡೆಯ ಮೇಲೆ ಕೂತುಬಿಟ್ಟ.

"ಅಧ್ಯಕ್ಷರು ಫುಲ್ ಆದ್ರಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಂಜೆಯ ಹೊತ್ತಿಗೆ ವ್ಯಸನಮುಕ್ತ ಯುವಕ ಮಂಡಳಕ್ಕೆ 'ಸೆರೆ ಮಂಡಳ' ಎಂದು ನಾಮಕರಣವೂ ಆಗಿತ್ತು.

ಸಾಹೇಬರ ತೊಡೆಯಿಂದ ಅಮಾತೆಪ್ಪನನ್ನು ರಟ್ಟೆ ಹಿಡಿದು ಎಬ್ಬಿಸಿದವನು ಅವನ ಅಪ್ಪ ಶಂಕ್ರಪ್ಪ. ಓಣಿಯ ಕುಡುಕರಲ್ಲೆಲ್ಲ ಹೆಸರುವಾಸಿಯಾದ ಕುಡುಕ. ಅಂಗಡಿ ಬಂದ್ ಇದ್ದುದರಿಂದ ಅಂದೊಂದು ದಿನ ನೆಟ್ಟಗೆ ನಿಂತಿದ್ದ. ಮಗನ ಕೈಯನ್ನು ತನ್ನ ಹೆಗಲಿಗೆ ಹಾಕಿಕೊಂಡು ಮನೆಯ ಕಡೆಗೆ ನಡೆಸಿದ. ಎಷ್ಟೋ ವರ್ಷ ಮಗ ಅಪ್ಪನನ್ನು ತಂದ ದಾರಿಯಲ್ಲಿ ಅಪ್ಪ ಮಗನನ್ನು ತರುವುದನ್ನು ಜನ ಕಟ್ಟೆಯ ಮೇಲೆ ಕೂತು ನೋಡಿದರು.

"ಎಷ್ಟು ಒಳಗ ಹೋತು?" ಎಂದ ಅಪ್ಪ.

"ಒಂದು ಗುಟುಕು, ಯಪ್ಪಾ."

"ಹ್ಯಾಂಗಿತ್ತು?"

ಅಮಾತೆಪ್ಪ ಮುಂಗೈಯಿಂದ ಮೀಸೆ ಒರೆಸಿಕೊಂಡ.

ಬಾಗಿಲಲ್ಲಿ ತಾಯಿ ಸಾವಿತ್ರೆವ್ವ ನಿಂತಿದ್ದಳು. ಹೆಗಲು ಕೊಟ್ಟವನನ್ನೊಮ್ಮೆ, ತೆಗೆದುಕೊಂಡವನನ್ನೊಮ್ಮೆ ನೋಡಿದಳು. "ಪಾಳಿ ಬದ್ಲಿ ಮಾಡ್ಕೊಂಡೀರೇನು ತಂದಿ ಮಗ?" ಎಂದು ಒಳಗೆ ಹೋಗಿ, ಹೊರಗಿನವರಿಗೆ ಕೇಳದ ಹಾಗೆ ಅತ್ತಳು.

ಆ ಅಳುವಿಗೆ ಕಾರಣವಿತ್ತು. ಶಂಕ್ರಪ್ಪ ಸಾಮಾನ್ಯ ನೇಕಾರನಲ್ಲ. ಇಳಕಲ್ ಸೀರೆಯ ಒಡಲು ನೂಲಿನದು, ಸೆರಗು ರೇಷ್ಮೆಯದು. ಎರಡರ ಹಾಸೂ, ಅಂದರೆ ಉದ್ದದ ಎಳೆಗಳೂ, ಬೇರೆ ಬೇರೆ. ಒಡಲಿನ ಒಂದೊಂದು ಎಳೆಯ ಕುಣಿಕೆಯೊಳಗೆ ಸೆರಗಿನ ಒಂದೊಂದು ಎಳೆಯ ಕುಣಿಕೆ ತೂರಿಸಿ ಜೋಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಶಂಕ್ರಪ್ಪ ಹಾಕಿದ ಕೊಂಡಿ ಎಂದರೆ ಇಳಕಲ್ಲಿನ ಸಾವುಕಾರರು ಕಣ್ಣು ಮುಚ್ಚಿ ಸೀರೆ ಮಡಚುತ್ತಿದ್ದ ಕಾಲವಿತ್ತು. ಈಗ ಮುಂಜಾನೆ ಒಂದು ಗ್ಲಾಸು ಇಳಿಯುವವರೆಗೆ ಅವನ ಬೆರಳು ತಂತಿಯಂತೆ ನಡುಗುತ್ತಿದ್ದವು. ಗ್ಲಾಸು ಇಳಿದ ಮೇಲೆ ಬೆರಳು ನಿಲ್ಲುತ್ತಿದ್ದವು, ಆದರೆ ಅವನೇ ನಿಲ್ಲುತ್ತಿರಲಿಲ್ಲ. ಕೊಂಡಿಯ ಕೆಲಸ ಸಾವಿತ್ರೆವ್ವನ ಪಾಲಾಗಿತ್ತು. ಕಳೆದ ಬೇಸಿಗೆಯಲ್ಲಿ ಹೊಟ್ಟೆ ಉಬ್ಬಿ ಇಳಕಲ್ಲಿನ ದವಾಖಾನೆಗೆ ಕರೆದೊಯ್ದಾಗ ಡಾಕ್ಟರು ಒತ್ತಿ ನೋಡಿ, "ಶಂಕ್ರಪ್ಪಾ, ಕುಡಿಯೂದು ಬಿಟ್ರ ತಿಂಗಳಿಗೊಮ್ಮೆ ಬಾ. ಬಿಡದಿದ್ರ ಬರೂದು ಬ್ಯಾಡ. ಬರಾಕ ನೀನ ಇರೂದಿಲ್ಲ" ಎಂದಿದ್ದರು.

ಊರನ್ನೆಲ್ಲ ಉದ್ಧಾರ ಮಾಡಲು ಹೊರಟ ಮಂಡಳದ ಒಳಗುಟ್ಟು ಇಷ್ಟೇ. ಅಮಾತೆಪ್ಪನಿಗೆ ಊರು ಬೇಕಿರಲಿಲ್ಲ, ಅಪ್ಪ ಬೇಕಾಗಿದ್ದ. ಮನೆಯಲ್ಲಿ ಹೇಳಿದರೆ ಕೇಳದವನು ಊರೆಲ್ಲ ಹೇಳಿದರೆ ಕೇಳಿಯಾನು ಎಂಬ ಆಸೆ.

ಊರು ಹೇಳುವ ಮೊದಲು ಗೋಡೆ ಹೇಳಲಿ ಎಂದು ಜಹಾಂಗೀರ ಬಣ್ಣದ ಡಬ್ಬಿ ಹಿಡಿದು ಹೊರಟ. ಊರ ಅಗಸಿ ಬಾಗಿಲ ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ 'ಈ ದಾರಿ ಹಿಡಿಯಬೇಡಿ, ಮುಂದೆ ಸೆರೆ ಅಂಗಡಿ ಇದೆ' ಎಂದು ಬರೆದು, ಯಾವ ದಾರಿ ಎಂಬುದು ಗೊತ್ತಾಗಲೆಂದು ದಪ್ಪದೊಂದು ಬಾಣವನ್ನೂ ಹಾಕಿದ. ಅಲ್ಲಿಯವರೆಗೆ ಪರವೂರಿನಿಂದ ಸಂತೆಗೆ ಬಂದವರು ಅಂಗಡಿ ಹುಡುಕಿ ಸುಸ್ತಾಗುತ್ತಿದ್ದರು. ಈಗ ನೆಟ್ಟಗೆ ಹೋಗತೊಡಗಿದರು. ದೇವಪ್ಪ ದಾರಿಯಲ್ಲಿ ಸಿಕ್ಕಾಗ, "ಜಹಾಂಗೀರಾ, ನಿನ್ನ ಅಕ್ಷರ ಭಾಳ ದುಂಡಗ ಅದಾವಪಾ. ಆ ಕಡೀ ಮೂಲ್ಯಾಗೂ ಒಂದು ಬರದುಬಿಡು" ಎಂದ.

ಅಕ್ಟೋಬರು ಮುಗಿಯುತ್ತ ಬಂದಿತು. ಒಂದು ಮುಂಜಾನೆ ಸಾವಿತ್ರೆವ್ವ ಮಗ್ಗದ ಮುಂದೆ ಕೂತು ಕೊಂಡಿ ಹಾಕುತ್ತಿದ್ದಳು. ಅಮಾತೆಪ್ಪ ಎಳೆ ಹಿಡಿದು ಕೊಡುತ್ತಿದ್ದ. ಆಗ ಬಂದವನು ಮುರ್ತುಜಸಾಬ, ಜಹಾಂಗೀರನ ದೊಡ್ಡಪ್ಪ. ಮೊಹರಮ್ಮಿಗೆ ಅಲಾಯಿ ದೇವರ ಮುಂದೆ ಕುಣಿಯುವ ಹೆಜ್ಜೆ ಮೇಳ ಹೊರಟರೆ ಮುಂದೆ ನಿಂತು ಪದ ಹಾಡುವವನು. ಮೊಹರಮ್ ಹತ್ತಿರ ಬಂದಿತ್ತು, ಅವನ ಮುಖ ಇಳಿದಿತ್ತು.

"ಈ ವರ್ಷಾನೂ ಮೇಳ ಇಲ್ಲ ಕಾಣಸ್ತೈತಿ ಸಾವಿತ್ರೆವ್ವಾ. ದೇವರು ಸುಮ್ಕ ಮೂಕರಂಗ ಹೋಗೂದು. ಕುಣಿಯೋ ಮಂದೆಲ್ಲಾ ಕುಡದು ಬರ್ತಾರ. ಒಬ್ಬ ಬಿದ್ದ ಅಂದ್ರ ಸಾಲೆಲ್ಲಾ ಬೀಳತೈತಿ. ಆಮ್ಯಾಲ ಹಾಡು ಹೋಗಿ ಬಡದಾಟ ಸುರು."

ಗುಡೂರಿನ ಆ ಓಣಿಯ ಮೇಳಕ್ಕೆ ಒಂದು ಪದ್ಧತಿಯಿತ್ತು. ಹಿಂದೂ, ಮುಸಲ್ಮಾನ ಎನ್ನದೆ ಗಂಡಸರೆಲ್ಲ ಸಾಲುಗಟ್ಟಿ ನಿಲ್ಲುತ್ತಾರೆ. ತನ್ನ ಕೈವಸ್ತ್ರದ ಒಂದು ತುದಿ ತನ್ನ ಕೈಯಲ್ಲಿ, ಇನ್ನೊಂದು ತುದಿ ಪಕ್ಕದವನ ಕೈಯಲ್ಲಿ. ಸಾಲು ಮುಗಿಯುವವರೆಗೆ ಯಾರೂ ವಸ್ತ್ರ ಬಿಡುವಂತಿಲ್ಲ.

ಅಮಾತೆಪ್ಪ ತಾಯಿಯ ಬೆರಳುಗಳನ್ನೇ ನೋಡುತ್ತಿದ್ದ. ಕರಿಯ ನೂಲಿನ ಕುಣಿಕೆಯೊಳಗೆ ಕೆಂಪು ರೇಷ್ಮೆಯ ಕುಣಿಕೆ.

"ಯವ್ವಾ, ಒಂದು ಕೊಂಡಿ ಜಾರಿದ್ರ ಏನಾಕ್ಕೈತಿ?"

"ಬಾಜೂದಕ್ಕ ಸಡ್ಲ ಬೀಳತೈತಿ. ನೀ ಏನು ಇವತ್ತ ಹುಟ್ಟಿದವರಂಗ ಕೇಳ್ತೀಯಲ್ಲೋ?"

ಅಮಾತೆಪ್ಪ ಎಳೆ ಕೆಳಗಿಟ್ಟು ಎದ್ದ. "ಕಾಕಾ, ಇವತ್ತ ಸಂಜೀ ಮುಂದ ಹಲಗಿ ತಗೊಂಡು ಬೇವಿನ ಗಿಡದ ಬುಡಕ ಬರ್ರಿ. ನಾವು ಹುಡುಗರು ನಿಂದರ್ತೇವಿ."

"ನಿಮಗ ಹೆಜ್ಜಿ ಎಲ್ಲಿ ಬರತಾವೋ?"

"ಬೀಳೂದು ಬರತೈತ್ರಿ. ಊರೆಲ್ಲಾ ನೋಡೇತಲ್ಲಾ."

ಮಗ್ಗಗಳ ಸದ್ದು ನಿಲ್ಲುವ ಹೊತ್ತು ಮತ್ತು ದೇವಪ್ಪನ ಅಂಗಡಿಯಲ್ಲಿ ಸದ್ದು ಏಳುವ ಹೊತ್ತು ಒಂದೇ. ಸರಿಯಾಗಿ ಆ ಹೊತ್ತಿಗೆ ಬೇವಿನ ಗಿಡದ ಬುಡದಲ್ಲಿ ಮುರ್ತುಜಸಾಬನ ಹಲಗೆವಾದ್ಯ ಮೊಳಗಿತು. ಹಗಲೆಲ್ಲ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತವರ ಕಾಲಿಗೆ 'ಕುಣಿ' ಎಂದರೆ ಎರಡನೆಯ ಅರ್ಥವೂ ಬೇಕಾಗಿತ್ತೆಂದು ಕಾಣುತ್ತದೆ. ಒಬ್ಬೊಬ್ಬರಾಗಿ ಬಂದರು. ಹೆಂಗಸರು ಕಟ್ಟೆಗಳ ಮೇಲೆ ಕೂತರು. ಮಂಡಳ ಭಾಷಣ ಮಾಡಲಿಲ್ಲ, ಗೋಡೆ ಬರೆಯಲಿಲ್ಲ, ಕುಡಿದು ಬರಬೇಡಿ ಎಂದೂ ಹೇಳಲಿಲ್ಲ. ಹೇಳುವ ಕೆಲಸ ವಸ್ತ್ರವೇ ಮಾಡಿತು. ಕುಡಿದು ಬಂದವನು ಎಡವಿದರೆ ಎಡಗಡೆಯವನೂ ಬಲಗಡೆಯವನೂ ಎಡವುತ್ತಿದ್ದರು. ಇಬ್ಬರೂ ಕೂಡಿ ಅವನ ಏಳು ತಲೆಮಾರನ್ನು ಎಬ್ಬಿಸಿ ಬೈಯುತ್ತಿದ್ದರು. "ಏ ಬಾಡ್ಯಾ, ನೀ ಕುಡದು ನನ್ನ ಯಾಕ ಬೀಳಸ್ತೀಯಲೇ? ನನ್ನ ಹೇಣ್ತಿ ಅಲ್ಲಿ ನೋಡಾಕತ್ಯಾಳ!" ಭಾಷಣಕ್ಕೆ ಬಗ್ಗದವರು ಬೈಗುಳಕ್ಕೆ ಬಗ್ಗಿದರು. ಮೊದಲು ಕುಣಿದು ಆಮೇಲೆ ಕುಡಿಯೋಣ ಎಂದುಕೊಂಡು ಬಂದವರಿಗೆ ಮುರ್ತುಜಸಾಬನ ಹೆಂಡತಿ ಕಾಸಿಂಬಿ ಕೊನೆಗೆ ಚೊಂಬುಗಟ್ಟಲೆ ಬೆಲ್ಲದ ಪಾನಕ ಕುಡಿಸುತ್ತಿದ್ದಳು. ದಣಿದ ಮೈ, ತುಂಬಿದ ಹೊಟ್ಟೆ, ಪಕ್ಕದಲ್ಲಿ ಹೆಂಡತಿ. ಇಷ್ಟೆಲ್ಲ ಹೊತ್ತುಕೊಂಡು ಸೆರೆ ಅಂಗಡಿಯವರೆಗೆ ನಡೆಯುವುದು ಸುಲಭವಲ್ಲ.

ಎಲ್ಲರೂ ಬಂದರು, ಬರಬೇಕಾದವನೊಬ್ಬ ಬರಲಿಲ್ಲ.

ಮೇಳದಲ್ಲಿ 'ಮರಳು ಹೆಜ್ಜೆ' ಎಂದೊಂದಿದೆ. ಮುಂದೆ ಮುಂದೆ ಹೋಗುತ್ತಿರುವ ಸಾಲು, ಹಾಡಿನ ನಡುವೆ ಒಮ್ಮೆಲೇ ವಸ್ತ್ರ ಬಿಡದೆ ತಿರುಗಿ ಹಿಂದಕ್ಕೆ ಮರಳಬೇಕು. ಅದಿಲ್ಲದೆ ಮೇಳ ದೇವರ ಮುಂದೆ ಹೋಗುವಂತಿಲ್ಲ. ಅದನ್ನು ತಿರುಗಿಸಲು ಬಲ್ಲವನು ಶಂಕ್ರಪ್ಪ ಒಬ್ಬನೇ, ಸಾಲಿನ ಮುಂದಾಳು ಅವನೇ. ಮುರ್ತುಜಸಾಬನಿಗೆ ಪದ ಬರುತ್ತಿತ್ತು, ಆದರೆ ಮೊಳಕಾಲು ಕೈಕೊಟ್ಟಿದ್ದವು.

"ಯಪ್ಪಾ, ಒಂದು ದಿನ ಬಂದು ತೋರಿಸು" ಎಂದ ಅಮಾತೆಪ್ಪ.

"ಕುಡದ್ರನ ನನ್ನ ಕಾಲಿಗೆ ಹೆಜ್ಜಿ ನೆನಪಾಕ್ಕಾವೋ" ಎಂದ ಶಂಕ್ರಪ್ಪ. ಹೇಳಿದಂತೆ ಕುಡಿದೇ ಬಂದ. ಮರಳು ಹೆಜ್ಜೆ ತೋರಿಸಲು ಹೋಗಿ ಮಗುಚಿ ಬಿದ್ದ. ಅವನ ಹಿಂದೆ ಮಗ, ಮಗನ ಹಿಂದೆ ಜಹಾಂಗೀರ, ಹೀಗೆ ಸಾಲಿಗೆ ಸಾಲೇ ಬಣವೆ ಕುಸಿದಂತೆ ಕುಸಿಯಿತು. ಕಟ್ಟೆಯ ಮೇಲಿನ ಹೆಂಗಸರು ಬಿದ್ದುಬಿದ್ದು ನಕ್ಕರು. ಸಾವಿತ್ರೆವ್ವ ಮಾತ್ರ ಸೆರಗಿನಿಂದ ಮುಖ ಮುಚ್ಚಿಕೊಂಡು ಎದ್ದು ಹೋದಳು. ಶಂಕ್ರಪ್ಪ ಅದನ್ನು ನೋಡಿದ. ಧೂಳು ಕೂಡ ಝಾಡಿಸದೆ ಅಂಗಡಿಯ ಕಡೆ ನಡೆದ.

ಮರುದಿನ ಹುಡುಗರು ಸಾಲು ನಿಂತಾಗ ಜಹಾಂಗೀರ ಮುಂದಾಳುವಿನ ಜಾಗಕ್ಕೆ ಸರಿಯಲು ಹೋದ. ಮುರ್ತುಜಸಾಬ ಹಲಗೆ ನಿಲ್ಲಿಸಿದ.

"ಮುಂದಾಳು ಜೀವಂತ ಇರೂತನಕ ಅವನ ಜಾಗಾಕ್ಕ ಯಾರೂ ನಿಂದರಬಾರದು. ಅದು ಅವಂದು."

"ಬರದಿದ್ರ, ದೊಡ್ಡಪ್ಪಾ?"

"ಖಾಲಿ ಇರ್ಲಿ. ಖಾಲಿ ಜಾಗಾ ಕರದಂಗ ನಾವು ನೀವು ಕರಿಯಾಕ ಆಗೂದಿಲ್ಲ."

ಹೀಗೆ ಅಮಾತೆಪ್ಪನ ಎಡಗೈಯಿಂದ ಒಂದು ವಸ್ತ್ರ ಯಾರೂ ಹಿಡಿಯದೆ ಜೋತುಬಿದ್ದೇ ದಿನವೂ ತಾಲೀಮು ನಡೆಯಿತು. ದೇವಪ್ಪನ ಅಂಗಡಿಯ ಮೂಲೆಯಿಂದ ಆ ವಸ್ತ್ರ ಚೆನ್ನಾಗಿ ಕಾಣುತ್ತಿತ್ತು. ಅಲ್ಲಿ ನಿಂತ ಶಂಕ್ರಪ್ಪನ ಕಾಲಿನ ಹೆಬ್ಬೆರಳು ಹಲಗೆಯ ತಾಳಕ್ಕೆ ಸರಿಯಾಗಿ ನೆಲ ಬಡಿಯುತ್ತಿದ್ದುದನ್ನು ಹುಡುಗರು ನೋಡಿದರು, ನೋಡಿಯೂ ನೋಡದಂತಿದ್ದರು. ಒಂದು ಸಂಜೆ ಶಂಕ್ರಪ್ಪ ಬಂದು, ಯಾರ ಮುಖವನ್ನೂ ನೋಡದೆ, ವಸ್ತ್ರದ ತುದಿ ಹಿಡಿದ. ಕುಡಿದಿರಲಿಲ್ಲ. ಅವನ ಕೈಯ ನಡುಕ ವಸ್ತ್ರದೊಳಗಿಂದ ಹರಿದು ಮಗನ ಕೈಗೆ ಬಂತು. ಅಮಾತೆಪ್ಪ ಗಟ್ಟಿ ಹಿಡಿದ.

ಆ ಮೇಲಿನ ದಿನಗಳು ಕಟ್ಟೆಯ ಮೇಲೆ ಕೂತು ನಗುವಂಥವಲ್ಲ. ಬೆವರು, ವಾಂತಿ, ಗೋಡೆಯ ಮೇಲೆ ಇಲ್ಲದ ಇರುವೆ ಕಾಣುವುದು. ಇಳಕಲ್ಲಿನ ಡಾಕ್ಟರು ಗುಳಿಗೆ ಕೊಟ್ಟರು, "ನೀ ಬಂದೆಲ್ಲಪಾ ಖರೆ!" ಎಂದು ತಾವೇ ಬೆರಗಾದರು. ಮಂಡಳದ ಹುಡುಗರು ಪಾಳಿ ಹಾಕಿಕೊಂಡು ಅವನ ಹತ್ತಿರ ಕೂತರು. ಕೂತವರಿಗೆ ಅವನು ಹಾಸಿಗೆಯಲ್ಲಿ ಮಲಗಿಯೇ ಕಾಲಾಡಿಸಿ ಮರಳು ಹೆಜ್ಜೆ ಕಲಿಸಿದ. ಸಾಲಿನಲ್ಲಿ ಅದು ಕೂಡಿಬಂದಾಗ ಮೊಹರಮ್ಮಿನ ಚಂದ್ರ ಕಂಡಾಗಿತ್ತು.

ಮೊಹರಮ್ಮಿನ ಕೊನೆಯ ದಿನ. ಮಧ್ಯಾಹ್ನ ಇಳಿಯುವಾಗ ದೇವರು ಹೊರಡಬೇಕು, ಮುಂದೆ ಮೇಳ ನಡೆಯಬೇಕು. ಎಲ್ಲರೂ ಬಿಳಿ ಅಂಗಿ ತೊಟ್ಟು, ಗೆಜ್ಜೆ ಕಟ್ಟಿ ನಿಂತರು. ಮುಂದಾಳು ಇಲ್ಲ.

"ದೇವಪ್ಪ ಕರದಿದ್ದ. ಹಬ್ಬದ ಸಲುವಾಗಿ ಪುಕ್ಕಟೆ ಅಂತ" ಎಂದು ಯಾರೋ ಮೆಲ್ಲಗೆ ಹೇಳಿದರು.

ಅಮಾತೆಪ್ಪ ಗೆಜ್ಜೆ ಕಟ್ಟಿದ ಕಾಲಲ್ಲಿಯೇ ಓಡಿದ. ಓಣಿಗೆಲ್ಲ ಕೇಳುವ ಹಾಗೆ ಓಡಿದ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡ. ಅವ್ವನ ಕಣ್ಣೀರು, ಡಾಕ್ಟರ ಮಾತು, ಖಾಲಿ ಜಾಗ, ಎಲ್ಲ. ಅಂಗಡಿಯ ಹೊಸ್ತಿಲಿಗೆ ಬಂದು ನಿಂತ. ಒಳಗಿನ ವಾಸನೆ ಮುಖಕ್ಕೆ ಬಡಿಯಿತು. ಜೋಡಿಸಿದ ಮಾತೆಲ್ಲ ಉದುರಿಹೋಯಿತು.

ಶಂಕ್ರಪ್ಪ ಬಿಳಿ ಅಂಗಿಯಲ್ಲಿ ಬೆಂಚಿನ ಮೇಲೆ ಕೂತಿದ್ದ. ಮುಂದೆ ತುಂಬಿದ ಗ್ಲಾಸು. ಇನ್ನೂ ಎತ್ತಿರಲಿಲ್ಲ, ಎರಡೂ ಕೈಯಿಂದ ಬಳಸಿ ಹಿಡಿದಿದ್ದ. ತಲೆಯೆತ್ತಿ ಮಗನನ್ನು ನೋಡಿದ. ಬೈಯುತ್ತಾನೆಂದು ಕಾದ. ಮಗ ಅಪ್ಪನನ್ನು ನೋಡುತ್ತಲೇ ಇರಲಿಲ್ಲ, ಗ್ಲಾಸನ್ನು ನೋಡುತ್ತಿದ್ದ. ಅವನ ಗಂಟಲು ಒಮ್ಮೆ ಮೇಲೇರಿ ಕೆಳಗಿಳಿಯಿತು.

ಶಂಕ್ರಪ್ಪ ಗ್ಲಾಸಿನ ಬಾಯಿಯ ಮೇಲೆ ಅಂಗೈ ಇಟ್ಟು ಮುಚ್ಚಿದ.

"ಹೊರಗ ನಡಿ. ಇಲ್ಲಿ ನಿಂದರಬ್ಯಾಡ ನೀ."

"ಯಪ್ಪಾ, ನೀ..."

"ನಾನೂ ಬರ್ತೇನಿ. ಮೊದ್ಲ ನೀ ಹೊರಗ ನಡಿ ಅಂದ್ನೆಲ್ಲ!"

ದೇವಪ್ಪ ಗಾಬರಿಯಾಗಿ, "ಶಂಕ್ರಪ್ಪಾ, ಪುಕ್ಕಟೆ ಐತೋ!" ಎಂದ.

"ಪುಕ್ಕಟೆ ಎಲ್ಲೈತಿ ದೇವಪ್ಪಾ? ಕಿಮ್ಮತ್ತು ಬಾಗಲದಾಗ ನಿಂತೈತಿ ನೋಡು" ಎಂದು ಶಂಕ್ರಪ್ಪ ಎದ್ದ. ಹೊರಗೆ ಬಂದವನು ಮಗನ ರಟ್ಟೆ ಹಿಡಿದು, ಗಾಂಧಿ ಜಯಂತಿಯಂದು ಹಿಡಿದಿದ್ದಕ್ಕಿಂತ ಗಟ್ಟಿಯಾಗಿ ಹಿಡಿದು, ಎಳೆದುಕೊಂಡೇ ಹೋದ.

ಅಂದು ಮುರ್ತುಜಸಾಬನ ದನಿ ಓಣಿ ದಾಟಿ ಊರಿಗೆ ಕೇಳಿತು. ಮೇಳ ಮುಂದೆ ಹೋಯಿತು, ಹಾಡು ನಡುವೆ ತಡೆಯಿತು, ಶಂಕ್ರಪ್ಪ ಕಾಲೂರಿ ತಿರುಗಿದ. ಸಾಲಿಗೆ ಸಾಲೇ ಮರಳಿತು. ಒಂದು ವಸ್ತ್ರವೂ ಕೈ ಬಿಡಲಿಲ್ಲ. ಕಟ್ಟೆಯ ಮೇಲಿದ್ದ ಸಾವಿತ್ರೆವ್ವ ಈ ಸಲ ಸೆರಗು ಮುಖಕ್ಕೆ ಹಿಡಿದದ್ದು ಕಣ್ಣು ಒರೆಸಿಕೊಳ್ಳಲು. ಒರೆಸಿಕೊಂಡು ಮತ್ತೆ ನೋಡಿದಳು.

ಇದಾದ ಮೇಲೆ ಗುಡೂರು ಕೈಲಾಸವಾಯಿತು ಎಂದೇನೂ ಇಲ್ಲ. ಶಂಕ್ರಪ್ಪ ಮುಂದೆ ಎರಡು ಸಲ ಜಾರಿದ. ಎರಡು ಸಲವೂ ಅವನ ಜಾಗ ಖಾಲಿ ಬಿಟ್ಟು ವಸ್ತ್ರ ಜೋತಾಡಿಸಿದರು, ಎರಡು ಸಲವೂ ಬಂದು ಹಿಡಿದ. ದೇವಪ್ಪನ ಅಂಗಡಿಯೂ ಮುಚ್ಚಲಿಲ್ಲ. ಆದರೆ ಸಂಜೆ ಅವನು ಬಾಗಿಲಿಗೆ ಬಂದು ತಾಲೀಮು ನೋಡುತ್ತ ನಿಲ್ಲುತ್ತಿದ್ದ, ಒಳಗೆ ನೋಡುವಂಥ ಗಿರಾಕಿ ಇರದ ಕಾರಣಕ್ಕೆ. ಮೊಹರಮ್ ಮುಗಿದರೂ ತಾಲೀಮು ನಿಲ್ಲಲಿಲ್ಲ. ಮುಂಜಾನೆ ಹುಡುಗರ ಗರಡಿ ಸಾಮು, ಸಂಜೆ ಎಲ್ಲರ ಹೆಜ್ಜೆ. ಮರೋಳದವರು ಕರೆದರು, ರಾಮಥಾಳದವರು ಬಂದು ಕಲಿತು ಹೋದರು. ಜಹಾಂಗೀರ ಆ ಊರುಗಳ ಗೋಡೆಗೂ ಬರೆದುಕೊಟ್ಟ, ಬಾಣ ಮಾತ್ರ ಹಾಕಲಿಲ್ಲ. ಹೆಜ್ಜೆ ತಪ್ಪಿದವರು ಹೆಜ್ಜೆಯಿಂದಲೇ ದಾರಿಗೆ ಬಂದರು. ಎಂಬತ್ತೆರಡರ ದೀಪಾವಳಿಗೆ ಶಂಕ್ರಪ್ಪ ಹೆಂಡತಿಯನ್ನು ಮಗ್ಗದ ಮುಂದಿನಿಂದ ಎಬ್ಬಿಸಿ, ತಾನು ಕೂತು, ಸೆರಗಿಗೆ ಕೊಂಡಿ ಹಾಕಿದ. ಸಾವಿತ್ರೆವ್ವ ಹಿಂದಿನಿಂದ ಬಾಗಿ ಒಂದೊಂದೇ ಪರೀಕ್ಷೆ ಮಾಡಿ, "ಒಂದು ಸಡ್ಲ ಐತಿ" ಎಂದಳು. ಯಾವುದೂ ಸಡಿಲ ಇರಲಿಲ್ಲ. ಇಷ್ಟು ವರ್ಷ ಕಾಯಿಸಿದ್ದಕ್ಕೆ ಅಷ್ಟಾದರೂ ಬೇಡವೇ?

ಎಂಬತ್ತೇಳರಲ್ಲಿ ಬಾಗಲಕೋಟೆಯ ಯುವಜನ ಸಮಾವೇಶದಲ್ಲಿ ಅಮಾತೆಪ್ಪನಿಗೆ ಸನ್ಮಾನವಾಯಿತು. ಮುಖ್ಯ ಅತಿಥಿ ಯಾರೆಂದರೆ, ಹುನಗುಂದದಿಂದ ಬಾದಾಮಿಗೆ, ಬಾದಾಮಿಯಿಂದ ಇನ್ನೆಲ್ಲಿಗೋ ವರ್ಗವಾಗಿ, ಬಡ್ತಿ ಪಡೆದು ಬಾಗಲಕೋಟೆಗೆ ಬಂದಿದ್ದ ಅದೇ ಸಾಹೇಬರು. ಅಮಾತೆಪ್ಪ ವೇದಿಕೆ ಏರಿದಾಗ ತಮ್ಮ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಂಡರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಕು ಅವನ ಕಡೆ ತಿರುಗಿಸಿದರು.

"ನೋಡಿ ಅಮಾತೆಪ್ಪನವರೇ, ಈ ಸಭೆಯಲ್ಲಿ ನೂರಾರು ಯುವಕರಿದ್ದಾರೆ. ಸಾರಾಯಿಯ ಮೇಲೆ ನಿಮಗೆ ಇಷ್ಟೊಂದು ದ್ವೇಷ ಹುಟ್ಟಿದ್ದು ಹೇಗೆ? ಅವರಿಗೆ ಸ್ಫೂರ್ತಿಯಾಗುವ ಹಾಗೆ ಒಂದು ಮಾತು ಹೇಳಿ."

ಮುಂದಿನ ಸಾಲಿನಲ್ಲಿ ಶಂಕ್ರಪ್ಪ ಹೊಸ ರುಮಾಲು ಸುತ್ತಿಕೊಂಡು ಕೂತಿದ್ದ. ಅಮಾತೆಪ್ಪ ಸಾಹೇಬರನ್ನು ಬಿಟ್ಟು ಅಪ್ಪನನ್ನು ನೋಡಿದ. ಗಡಿಗೆ ಒಡೆದ ದಿನ ಅಪ್ಪ ದಾರಿಯಲ್ಲಿ 'ಹ್ಯಾಂಗಿತ್ತು?' ಎಂದು ಕೇಳಿದ ಪ್ರಶ್ನೆ ಬಾಕಿ ಉಳಿದಿತ್ತು.

"ದ್ವೇಷ ಎಲ್ಲೀದ್ರಿ ಸಾಹೇಬ್ರ? ಅವತ್ತ ನಿಮ್ಮ ತೊಡೀ ಮ್ಯಾಲ ಬೀಳೂಕಿಂತ ಮೊದ್ಲ ಒಂದು ಗುಟುಕು ಒಳಗ ಹೋಗಿತ್ತಲ್ರಿ" ಎಂದು ಮುಂಗೈಯಿಂದ ಮೀಸೆ ಒರೆಸಿಕೊಂಡ. "ಭಾಳ ಚಲೋ ಇತ್ರಿ. ಆ ಅಂಜಿಕಿಗೇ ಇನ್ನೂ ಕುಣಿಯಾಕತ್ತೇನಿ."